ಅಪ್ಪುವಿನ ಹೊಟ್ಟೆಯ ಗೆಡ್ಡೆ ಮತ್ತು ನೀರಗಂಟಿ ತಾತ

ನಮ್ಮ ಕಡೆ ಮಗು ಊಟ ಬಿಟ್ಟರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು, ಬಟ್ಟಿ ಜಾರಿರಬೇಕು ಎಂಬುದು. ಆಡುವಾಗ ಎಲ್ಲಿಂದಲೋ ಎಗರಿದೆ, ಹೊಕ್ಕುಳ ಪಕ್ಕದ ನರ ಸರಿದಿದೆ, ಹರಳೆಣ್ಣೆ ಹಚ್ಚಿ ಹೊಟ್ಟೆ ನೀವಿದರೆ ಸರಿಹೋಗುತ್ತದೆ ಎಂದು ನಂಬಿಕೆ. ನಮ್ಮೂರಿನಲ್ಲಿ ಹೀಗೆ ನೀವಿಸಿಕೊಳ್ಳದೆ ಬೆಳೆದವರು ಯಾರೂ ಇಲ್ಲ. ನನ್ನ ಹೊಟ್ಟೆಯನ್ನೂ ನೀವಿದ್ದಾರೆ.

ನಮ್ಮೂರು ಪಾಂಡವಪುರ ತಾಲ್ಲೂಕಿನಲ್ಲಿ, ನಾಲೆ ಏರಿಯ ಕೆಳಗೆ ಇದೆ. ನಮ್ಮಪ್ಪ ಮಂಚಯ್ಯ ಊರಿನ ನೀರಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕು, ಯಾವ ತೂಬನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನೋಡಿಕೊಳ್ಳುವ ಕೆಲಸ. ಅಣ್ಣ ದಿಲೀಪ್ ಡೈರಿಯ ಹಾಲಿನ ವ್ಯಾನು ಓಡಿಸುತ್ತಾನೆ. ಅತ್ತಿಗೆ ಅರ್ಪಿತ ಕೆ.ಆರ್. ಪೇಟೆ ಕಡೆಯ ಹೊಸಹೊಳಲಿನವಳು. ಅವರ ಮಗ ಅಪ್ಪು, ಆಗ ಮೂರು ತುಂಬಿ ನಾಲ್ಕರಲ್ಲಿದ್ದ. ಅಮ್ಮ ತೀರಿಹೋದ ಮೇಲೆ ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮನೆಯಲ್ಲಿದ್ದೆ. ಅಪ್ಪುವಿಗೆ ಸ್ನಾನ ಮಾಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು.

ಒಂದು ಭಾನುವಾರ ಸೋಪು ಹಚ್ಚುವಾಗ ಅವನ ಎಡಗಡೆ ಪಕ್ಕೆಲುಬಿನ ಕೆಳಗೆ ನನ್ನ ಕೈಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಬಲಗಡೆ ಮುಟ್ಟಿದೆ. ಅಲ್ಲಿ ಮೆತ್ತಗಿತ್ತು. ಮತ್ತೆ ಎಡಗಡೆ ಮುಟ್ಟಿದೆ.

"ನೋಯ್ತದಾ ಅಪ್ಪು?"

"ಇಲ್ಲ ಕಣತ್ತೆ, ಕಚಗುಳಿ ಆಯ್ತದೆ," ಎಂದು ನಕ್ಕ.

ಟವೆಲು ಸುತ್ತಿ ಅತ್ತಿಗೆಯ ಹತ್ತಿರ ಕರೆದುಕೊಂಡು ಹೋದೆ. ಅತ್ತಿಗೆ ಮುಟ್ಟಿ ನೋಡಿದಳು. ಅವಳ ಮನಸ್ಸಿನಲ್ಲಿ ಮೊದಲೇ ಏನೋ ಇತ್ತು.

"ನಾನೂ ನೋಡ್ತಾನೇ ಇದ್ದೆ ಕಣೆ. ಚಡ್ಡಿ ಸೊಂಟಕ್ಕೆ ಬಿಗಿ ಆಯ್ತಾ ಐತೆ, ಕೈಕಾಲು ಮಾತ್ರ ಸಣ್ಣಕ್ಕಾಯ್ತಾ ಅವೆ. ದಪ್ಪ ಆಯ್ತಾವ್ನೆ ಅಂತ ಎಲ್ರೂ ಅಂದ್ರು, ನಾನೂ ಅಂಗೇ ಅಂದ್ಕೊಂಡೆ."

ಅಪ್ಪ ಜಗಲಿಯಿಂದಲೇ ಕೇಳಿಸಿಕೊಂಡು, "ಬಟ್ಟಿ ಇರ್ಬೇಕು ತಗಾ. ದ್ಯಾವಣ್ಣನ್ನ ಕರೀತೀನಿ," ಎಂದರು.

ದ್ಯಾವಯ್ಯ ದೊಡ್ಡಪ್ಪ ಪಕ್ಕದ ಬೀದಿಯವರು. ಬಟ್ಟಿ ತೆಗೆಯುವುದರಲ್ಲಿ ಅವರ ಕೈ ಒಳ್ಳೆಯದೆಂದು ಹೆಸರು. ಪಾಪ, ಅಕ್ಕರೆಯಿಂದಲೇ ಬಂದರು. ಬೆಚ್ಚಗೆ ಮಾಡಿದ ಹರಳೆಣ್ಣೆ ಹಚ್ಚಿ, "ಏನ್ಲಾ ಅಪ್ಪು, ಹೊಟ್ಟೆ ಒಳಗೆ ತೆಂಗಿನಕಾಯಿ ಮಡಿಕ್ಕಂಡಿದ್ದೀಯಾ?" ಎಂದು ನಗಿಸುತ್ತ ಎರಡೂ ಹೆಬ್ಬೆರಳಿನಿಂದ ಗಟ್ಟಿ ಇದ್ದ ಜಾಗವನ್ನು ಒತ್ತಿ ಒತ್ತಿ ನೀವಿದರು. ಅಪ್ಪು ಮೊದಲು ನಕ್ಕ. ಆಮೇಲೆ ಅತ್ತ.

ಮರುದಿನ ಬೆಳಗ್ಗೆ ಅವನ ಮೂತ್ರ ಬೀಟ್‌ರೂಟ್ ತೊಳೆದ ನೀರಿನಂತೆ ಕೆಂಪಗಿತ್ತು.

ಅಣ್ಣ ಹಾಲಿನ ವ್ಯಾನಿನಲ್ಲೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಹೊಟ್ಟೆಯ ಮೇಲೆ ಬೆರಳನ್ನು ಹಗುರವಾಗಿ ಇಟ್ಟು ತಕ್ಷಣ ತೆಗೆದುಬಿಟ್ಟರು.

"ಇದನ್ನ ಯಾರಾದ್ರೂ ಒತ್ತಿದ್ರಾ?"

ಬಟ್ಟಿ ತೆಗೆಸಿದ್ದನ್ನು ಅಣ್ಣ ಹೇಳಿದ.

"ಇನ್ಮೇಲೆ ಯಾರೂ ಮುಟ್ಟಬೇಡಿ. ಒಳಗೆ ಗೆಡ್ಡೆ ಇದ್ದು ಅದು ಒಡೆದರೆ ಕಾಯಿಲೆ ಹೊಟ್ಟೆಯೆಲ್ಲ ಹರಡತ್ತೆ. ಈಗಲೇ ಸ್ಕ್ಯಾನ್ ಮಾಡಿಸಿ."

ಸ್ಕ್ಯಾನಿನಲ್ಲಿ ಎಡಗಡೆಯ ಮೂತ್ರಪಿಂಡದಲ್ಲಿ ಗೆಡ್ಡೆ ಇರುವುದು ಕಂಡಿತು. ಮೈಸೂರಿಗೆ ಹೋದರು. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ವಿಲ್ಮ್ಸ್ ಗೆಡ್ಡೆ ಎಂದು ಅದಕ್ಕೆ ಹೆಸರಂತೆ. ಚಿಕ್ಕ ಮಕ್ಕಳ ಮೂತ್ರಪಿಂಡಕ್ಕೆ ಬರುವ ಕ್ಯಾನ್ಸರ್. ಸುದೈವಕ್ಕೆ ಗೆಡ್ಡೆ ಒಡೆದಿರಲಿಲ್ಲ.

ಕ್ಯಾನ್ಸರ್ ಎಂಬ ಮಾತು ಕೇಳಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಬೀದಿಯವರು ಮಾತಾಡಿದರು. ಬಸುರಿಯಾಗಿದ್ದಾಗ ಅರ್ಪಿತ ಗ್ರಹಣದ ಹೊತ್ತು ಹೊರಗೆ ಬಂದಿದ್ದಳು, ಅದಕ್ಕೇ ಹೀಗಾಯಿತು ಎಂದರು. ಅಪ್ಪನೂ ಒಂದು ದಿನ ಊಟಕ್ಕೆ ಕೂತಾಗ, "ಅವತ್ತು ಬ್ಯಾಡ ಅಂದೆ, ಕೇಳ್ಲಿಲ್ಲ," ಎಂದುಬಿಟ್ಟರು. ಅತ್ತಿಗೆ ಆಗ ಅಪ್ಪುವನ್ನು ಅಣ್ಣನ ಹತ್ತಿರ ಬಿಟ್ಟು, ಬಟ್ಟೆ ತೆಗೆದುಕೊಂಡು ಹೋಗಲು ಬೆಂಗಳೂರಿಂದ ಬಂದಿದ್ದಳು. ಅವಳು ಎದ್ದು ಹಿತ್ತಲಿಗೆ ಹೋದಳು. ಅವಳ ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯಿತು.

ಮೊದಲು ಗೆಡ್ಡೆ ಕುಗ್ಗಲು ಕೀಮೋ ಔಷಧಿ ಕೊಟ್ಟರು. ಆಮೇಲೆ ಆಪರೇಷನ್ ಮಾಡಿ ಗೆಡ್ಡೆಯ ಜೊತೆ ಆ ಮೂತ್ರಪಿಂಡವನ್ನೂ ತೆಗೆದರು. ಇನ್ನೊಂದು ಮೂತ್ರಪಿಂಡ ಚೆನ್ನಾಗಿದೆ, ಮನುಷ್ಯ ಒಂದರಲ್ಲೇ ಬಾಳಬಹುದು ಎಂದರು. ಅದಾದ ಮೇಲೂ ಕೀಮೋ ಮುಂದುವರಿಯಿತು. ಅತ್ತಿಗೆ ಅಪ್ಪುವಿನ ಜೊತೆ ಅಲ್ಲೇ ಇದ್ದಳು. ಆಸ್ಪತ್ರೆಯ ಪಕ್ಕದಲ್ಲಿ ಊರುಗಳಿಂದ ಬಂದವರು ಉಳಿದುಕೊಳ್ಳಲು ಒಂದು ಕಟ್ಟಡವಿತ್ತು. ಅಣ್ಣ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ.

ಮನೆ ಹೇಗೆ ಖಾಲಿಯಾಗುತ್ತದೆ ಎಂದು ನನಗೆ ಆಗ ತಿಳಿಯಿತು. ದೊಡ್ಡವರು ಊರಿಗೆ ಹೋದರೆ ಅವರು ಕೂರುವ ಜಾಗ ಮಾತ್ರ ಖಾಲಿ. ಮಗು ಹೋದರೆ ಎಲ್ಲ ಕಡೆಯೂ ಖಾಲಿ. ಬಚ್ಚಲಲ್ಲಿ ನೀರು ಎರಚುವವರಿಲ್ಲ, ಹಿಟ್ಟಿನ ಡಬ್ಬಿಗೆ ಕೈ ಹಾಕುವವರಿಲ್ಲ. ಸಂಜೆ ಹಾಲು ಕಾಯಿಸಿ ಎರಡು ಲೋಟಕ್ಕೆ ಬಗ್ಗಿಸಿ, ಆಮೇಲೆ ಒಂದನ್ನು ಪಾತ್ರೆಗೆ ವಾಪಸು ಸುರಿಯುತ್ತಿದ್ದೆ. ಅಪ್ಪ ದಿನವೂ ಏರಿಯ ಮೇಲೆ ಹೋಗುವಾಗ ಅಪ್ಪು ಹೆಗಲ ಮೇಲೆ ಇರುತ್ತಿದ್ದ. ಈಗ ಬರೀ ಹೆಗಲಿಗೆ ಟವೆಲು ಹಾಕಿಕೊಂಡು, ಅದನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತ ಹೋಗುತ್ತಿದ್ದರು. ನಮ್ಮ ಹಸು ಕರು ಹಾಕಿತು. ಫೋನಿನಲ್ಲಿ ತೋರಿಸಿದೆವು. "ನಾ ಬರೋಗಂಟ ಹೆಸ್ರು ಮಡಗ್‌ಬ್ಯಾಡಿ," ಎಂದ ಅಪ್ಪು. ಎಲ್ಲರೂ ಅದನ್ನು ಸುಮ್ಮನೆ ಕರು ಎಂದೇ ಕರೆದರು.

ಒಂದು ದಿನ ಫೋನಿನಲ್ಲಿ ಅವನ ತಲೆ ಬೋಳಾಗಿತ್ತು. ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಅವನು ಅಳಲಿಲ್ಲ. ಸಣ್ಣ ದನಿಯಲ್ಲಿ, "ತಾತ, ನನ್ನ ಕರ್ಕೊಂಡ್ ಹೋಗು ಬಾ," ಎಂದ.

ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ಆ ಸಂಜೆ ಜಗಲಿಯಲ್ಲಿ ದ್ಯಾವಯ್ಯ ದೊಡ್ಡಪ್ಪ ಕೂತಿದ್ದರು. "ಲೇ ಮಂಚ, ಗೆಡ್ಡೆ ತೆಗ್ದು ಎಸುದ್ಬುಟ್ಟವ್ರೆ ಅಂತೀಯ. ಬೇರೇ ಕಿತ್ತ ಮ್ಯಾಲೆ ಇನ್ಯಾತಕ್ಲಾ ಔಸ್ದಿ? ಆ ಔಸ್ದಿಗೇ ಮೊಗ ಸೊರಗೋದ್ದು ಕಣ್ಲಾ. ಮನೆ ಅನ್ನ ತಿಂದ್ರೆ ಚಿಗುರ್ಕತ್ತದೆ."

"ನಂಗೂ ಅಂಗೇ ಅನ್ನಿಸ್ತದೆ ದ್ಯಾವಣ್ಣ."

"ಅನ್ನಿಸಿದ್ ಮ್ಯಾಲೆ ಓಗಿ ಕರ್ಕಬಾ. ನಿನ್ ಮೊಮ್ಮಗನ್ನ ಕರ್ಕಬರಾಕೆ ಯಾರ್ ಅಪ್ಪಣೆ ಬೇಕ್ಲಾ?"

ಅಣ್ಣನೂ ಬೇಡವೆನ್ನಲಿಲ್ಲ. ಮಗು ಮನೆಗೆ ಬರಲೆಂಬ ಆಸೆ ಅವನಿಗೂ ಇತ್ತು. ನನಗೂ ಇತ್ತು. ಬೆಳಗ್ಗೆ ಅಪ್ಪ, "ರಂಜಿ, ಬೋರ್ಡ್ ಓದಾಕೆ ನೀನೂ ಬಾ ಅವ್ವ," ಎಂದರು. ಅಪ್ಪುವಿನ ಸ್ವೆಟರನ್ನು ಚೀಲಕ್ಕೆ ಹಾಕಿಕೊಂಡೆ. ಬಸ್ಸಿನ ಕಿಟಕಿಯಿಂದ ಗಾಳಿ ಬರುತ್ತದಲ್ಲ, ಬರುವಾಗ ಹಾಕಲು.

ಆಸ್ಪತ್ರೆಯ ಮಕ್ಕಳ ವಾರ್ಡಿನ ಮುಂದೆ ಉದ್ದದ ಬೆಂಚುಗಳಿದ್ದವು. ಅಪ್ಪು ನಮ್ಮನ್ನು ನೋಡಿ ಓಡಿ ಬಂದ. ಓಡಿದ ಎಂದರೆ, ಅವನಿಗೆ ಆದಷ್ಟು. ಅಪ್ಪ ಅವನನ್ನು ಎತ್ತಿಕೊಂಡರು. ಅವನ ಹಗುರಕ್ಕೆ ಅಪ್ಪನ ಮುಖ ಬದಲಾಯಿತು.

"ಬಟ್ಟೆ ಗಂಟು ಕಟ್ಟವ್ವ. ಒಂಟೋಗನ," ಎಂದರು ಅತ್ತಿಗೆಗೆ.

ಅತ್ತಿಗೆ ಒಂದು ಕ್ಷಣ ನಿಂತಳು. ಆಮೇಲೆ ಬಟ್ಟೆ ಮಡಚತೊಡಗಿದಳು. ತನ್ನ ಮನೆ, ತನ್ನ ಒಲೆ, ತನ್ನ ಚಾಪೆ ಅವಳ ಕಣ್ಣ ಮುಂದೆ ಬಂದಿರಬೇಕು. ಬೇಗ ಬೇಗ ಮಡಚಿದಳು.

ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಶ್ರೀರಂಗಪಟ್ಟಣದ ಗಂಜಾಂನವರು, ಹೆಸರು ಸಾಬಿರಾ. ಅವರ ಮಗ ಶೋಯಬ್ ಅಲ್ಲೇ ನೆಲದ ಮೇಲೆ ಆಟದ ಲಾರಿ ಓಡಿಸುತ್ತಿದ್ದ. ಎರಡನೇ ಕ್ಲಾಸಿನ ಹುಡುಗ, ತಲೆ ತುಂಬ ಕೂದಲು. ಅತ್ತಿಗೆಗೆ ಅವರ ಪರಿಚಯವಿತ್ತು.

"ಎಲ್ಲಿಗೆ ಅರ್ಪಿತಾ? ಡಿಸ್ಚಾರ್ಜ್ ಮಾಡಿದ್ರಾ?"

"ಇಲ್ಲ ಅಕ್ಕ. ಮಾವ ಬಂದವ್ರೆ, ಊರಿಗೆ..."

"ಔಷಧಿ ಕೋರ್ಸ್ ಮುಗೀಲಿಲ್ಲ ಅಲ್ವಾ?"

ಅಪ್ಪ ಮಧ್ಯೆ ಬಾಯಿ ಹಾಕಿದರು. "ಮುಗೀತು ಕಣಮ್ಮ. ಗೆಡ್ಡೆ ತೆಗೆದ್ರು, ಮುಗೀತು."

ಸಾಬಿರಾ ಎದ್ದು ಬಂದು ನಮ್ಮ ಬೆಂಚಿನ ತುದಿಯಲ್ಲಿ ಕೂತರು. "ಯಜಮಾನ್ರೇ, ನಾನು ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಇವನ್ನ ನೋಡಿ, ನನ್ನ ಮಗ. ಇದೇ ಗೆಡ್ಡೆ ಇವನಿಗೂ. ಆಪರೇಷನ್ ಆಯ್ತು. ರಂಜಾನ್ ಬಂತು. ಈದ್‌ಗೆ ಮಗು ಮನೇಲಿ ಇರಬೇಕು ಅಂತ ನಮ್ಮತ್ತೆ ಇಮಾಮ್ ಬೀ ಅತ್ತುಬಿಟ್ರು. ನಂಗೂ ಅದೇ ಬೇಕಿತ್ತು. ಕರ್ಕೊಂಡು ಹೋದ್ವಿ. ಹೊಸ ಬಟ್ಟೆ ಹಾಕಿಸಿದ್ವಿ. ಚೆನ್ನಾಗಿ ತಿಂದ, ಆಡಿದ. ಗುಣ ಆಗೋಯ್ತು, ಇನ್ಯಾಕೆ ಸೂಜಿ ಅಂತ ಮತ್ತೆ ಈ ಕಡೆ ಬರಲೇ ಇಲ್ಲ."

"ಆಮ್ಯಾಕೆ?"

"ಆಮೇಲೆ ಕೆಮ್ಮು. ಏನೋ ನೆಗಡಿ ಅಂದ್ಕೊಂಡ್ವಿ. ಕಾಯಿಲೆ ಶ್ವಾಸಕೋಶಕ್ಕೆ ಬಂದಿತ್ತು. ಯಾ ಅಲ್ಲಾ, ಆ ದಿನ ನನ್ನ ಶತ್ರುಗೂ ಬೇಡ. ಮೊದಲಿಗಿಂತ ಜೋರು ಔಷಧಿ, ಕರೆಂಟು ಅಂತಾರಲ್ಲ ಆ ರೇಡಿಯೇಷನ್ ಕೊಡ್ಸೋದು, ಎಲ್ಲಾ ಮೊದಲಿಂದ. ದೇವರು ದೊಡ್ಡವನು, ಉಳಿದ. ಇವತ್ತು ಚೆಕಪ್ಪಿಗೆ ಬಂದಿದ್ದೀವಿ. ಎಲ್ಲಾ ಮಕ್ಕಳಿಗೂ ಹೀಗೆ ಎರಡನೇ ಅವಕಾಶ ಸಿಗಲ್ಲ ಯಜಮಾನ್ರೇ."

"ನಿಮ್ ಮೊಗೀದು ಬ್ಯಾರೆ, ನಮ್ ಮೊಗೀದು ಬ್ಯಾರೆ," ಎಂದರು ಅಪ್ಪ. ಆದರೆ ಅಪ್ಪುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

"ಆಗಲಿ. ಡಾಕ್ಟರನ್ನ ಒಂದು ಮಾತು ಕೇಳಿ ಹೋಗಿ. ಕೇಳೋಕೆ ಏನು ಕಷ್ಟ?"

ಡಾಕ್ಟರ ಹೆಸರು ಮೇಘನ. ಚಿಕ್ಕ ವಯಸ್ಸಿನವರು. ಅಪ್ಪ ನಿಂತುಕೊಂಡೇ ಮಾತಾಡಿದರು.

"ಕೂತ್ಕೊಳಿ ಅಜ್ಜ. ಯಾವೂರು?"

"ಪಾಂಡವಪುರದ ತಾವ."

"ನಮ್ಮೂರು ನಾಗಮಂಗಲ."

"ಅಂಗಾರೆ ನಮ್ಮೋರೇ ಆದ್ರಿ. ನಮ್ಮೋರಾದ್ ಮ್ಯಾಲೆ ನಮ್ ಮೊಗೀನ ಕಳಿಸ್ಕೊಡಿ."

"ನಮ್ಮೋರು ಅಂತಲೇ ಕಳಿಸಲ್ಲ," ಎಂದು ಡಾಕ್ಟರು ನಕ್ಕರು. ಅಪ್ಪ ನಗದಿದ್ದರೂ ಕೂತುಕೊಂಡರು.

"ಗೆಡ್ಡೆ ತೆಗ್ದಿದ್ದೀವಿ ಅಂದ್ರಿ. ಇನ್ನೇನು ಉಳಿದೈತೆ?"

"ಕಣ್ಣಿಗೆ ಕಾಣೋದನ್ನ ತೆಗೆದಿದ್ದೀವಿ. ಕಾಣದಷ್ಟು ಸಣ್ಣದು ಎಲ್ಲಾದರೂ ಉಳಿದಿದ್ದರೆ ಅದನ್ನ ಸಾಯಿಸೋದಕ್ಕೆ ಔಷಧಿ."

"ಬಂದಿದ್ದಾದ್ರೂ ಎಲ್ಲಿಂದ ಇದು? ನಮ್ ವಂಸದಾಗೆ ಯಾರ್ಗೂ ಇಲ್ಲ. ಬೀಡಿ ಸೇದಿದ್ರೆ ಬತ್ತದೆ ಅಂತಾರೆ. ಹಾಲು ಕುಡಿಯೋ ಮೊಗೀಗೆ ಎಂಗ್ ಬಂತು?"

ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಮಗು ತಾಯಿ ಹೊಟ್ಟೆಯಲ್ಲಿ ಇರೋವಾಗ ಅದರ ಮೂತ್ರಪಿಂಡ ಬೆಳೆಯತ್ತೆ ಅಲ್ವಾ ಅಜ್ಜ. ಆಗ ಅದರ ಎಳೇ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೇಗ ಬೇಗ ಹೆಚ್ಚುತ್ತಾವೆ. ಮಗು ಹುಟ್ಟೋ ಹೊತ್ತಿಗೆ ಅವು ನಿಲ್ಲಬೇಕು. ಬಲಿತು, ಮೂತ್ರ ಸೋಸೋ ಕೆಲಸ ಹಿಡೀಬೇಕು. ಅಪ್ಪುವಿನ ಒಳಗೆ ಕೆಲವು ನಿಲ್ಲಲೇ ಇಲ್ಲ. ಅವನು ಹುಟ್ಟಿ, ನಡೆದು, ಮಾತಾಡಿದ. ಅವು ಮಾತ್ರ ಇನ್ನೂ ತಾಯಿ ಹೊಟ್ಟೆಯಲ್ಲೇ ಇದ್ದೀವಿ ಅನ್ನೋ ಹಾಗೆ ಬೆಳೀತಾನೇ ಇದ್ವು. ಅದೇ ಗೆಡ್ಡೆ ಆಯ್ತು."

ಅತ್ತಿಗೆ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದಳು.

"ನಿಂತ್ಕಳಿ ಅಂತ ಅವಕ್ಕೆ ಹೇಳೋರು ಯಾರು?" ಎಂದರು ಅಪ್ಪ.

"ಒಳ್ಳೇ ಪ್ರಶ್ನೆ. ನಮ್ಮ ಮೈಯ ಒಂದೊಂದು ಜೀವಕೋಶದ ಒಳಗೂ ಆರ್‌ಎನ್‌ಎ ಅಂತ ಇರ್ತಾವೆ. ಕಣ್ಣಿಗೆ ಕಾಣದ ಸಂದೇಶಗಳು ಅಂದ್ಕೊಳಿ. ಕೆಲವು ಆರ್‌ಎನ್‌ಎ ನೋಡ್ಕೊಂಡು ಜೀವಕೋಶ ಪ್ರೊಟೀನ್ ತಯಾರು ಮಾಡತ್ತೆ. ಇನ್ನು ಕೆಲವು ಇದ್ದಾವೆ, ಅವುಗಳಿಂದ ಯಾವ ಪ್ರೊಟೀನೂ ಆಗಲ್ಲ. ನಾನ್‌ಕೋಡಿಂಗ್ ಆರ್‌ಎನ್‌ಎ ಅಂತ ಅವುಗಳ ಹೆಸರು. ಅವುಗಳಲ್ಲಿ ಎಷ್ಟೋ ಸುಮ್ಮನೆ ದಂಡಕ್ಕೆ ಇವೆ ಅಂತ ವಿಜ್ಞಾನಿಗಳೇ ಬಹಳ ಕಾಲ ಅಂದ್ಕೊಂಡಿದ್ರು. ಆಮೇಲೆ ಗೊತ್ತಾಯ್ತು. ಅವು ತಾವು ಏನೂ ತಯಾರು ಮಾಡಲ್ಲ, ಆದರೆ ಬೇರೆಯವು ಎಷ್ಟು ಮಾಡಬೇಕು, ಯಾವಾಗ ನಿಲ್ಲಿಸಬೇಕು ಅಂತ ನೋಡ್ಕೊತಾವೆ."

ಅಪ್ಪ ಹೆಗಲ ಟವೆಲನ್ನು ತೆಗೆದು ತೊಡೆಯ ಮೇಲೆ ಹಾಕಿಕೊಂಡರು.

"ತಾನು ಬೆಳೆ ಬೆಳೆಯಾಕಿಲ್ಲ. ನೀರು ಬುಡೋದು, ನಿಲ್ಸೋದು ಅಷ್ಟೇ. ನೀರಗಂಟಿ ಅನ್ನಿ ಮತ್ತೆ."

"ಅಯ್ಯೋ, ನಮ್ಮೂರಲ್ಲಿ ನಾಲೆ ಇಲ್ಲ, ನಂಗೆ ಹೊಳೀಲೇ ಇಲ್ಲ ನೋಡಿ. ಹೌದು ಅಜ್ಜ, ನೀರಗಂಟಿನೇ."

"ನಾನೂ ಅದೇ ಕೆಲಸದೋನೇ ಕಣಮ್ಮ. ನನ್ನೂ ಅಂಗೇ ಅಂತಾರೆ ಊರೋರು. ಮಂಚ ಏರಿ ಮ್ಯಾಲೆ ತಿರಿಕ್ಕಂಡು ದಂಡಕ್ಕೆ ಸಂಬ್ಳ ತಿಂತಾನೆ ಅಂತ. ಒಂದಿನ ತೂಬು ಇಳಿಸ್ದೆ ಬುಟ್ರೆ ಗೊತ್ತಾಯ್ತದೆ."

"ಏನಾಗತ್ತೆ?"

"ಗದ್ದೆ ಬದ ಒಡೆದು, ಪೈರು ಕೊಚ್ಕೊಂಡು, ಪಕ್ಕದ ಗದ್ದೆಗೂ ನುಗ್ತದೆ."

"ಈ ಗೆಡ್ಡೆ ಬಂದ ಎಷ್ಟೋ ಮಕ್ಕಳಲ್ಲಿ ಹಾಗೇ ಆಗಿರತ್ತೆ. ಸಾಕು, ನಿಲ್ಲಿ, ಬಲೀರಿ ಅನ್ನೋ ಪುಟಾಣಿ ಆರ್‌ಎನ್‌ಎಗಳು ಕಡಿಮೆ ಆಗಿರ್ತಾವೆ. ಕೆಲವರಲ್ಲಿ ಅವನ್ನ ತಯಾರು ಮಾಡೋ ಏರ್ಪಾಡೇ ಕೆಟ್ಟಿರತ್ತೆ. ಬೆಳೀರಿ ಬೆಳೀರಿ ಅನ್ನೋವು ಜಾಸ್ತಿ ಆಗಿರ್ತಾವೆ. ಎಲ್ಲಾ ಮಕ್ಕಳಲ್ಲೂ ಒಂದೇ ಥರ ಅಲ್ಲ. ನಮಗೂ ಇನ್ನೂ ಪೂರ್ತಿ ಗೊತ್ತಿಲ್ಲ, ಹುಡುಕ್ತಾ ಇದ್ದಾರೆ."

ಅತ್ತಿಗೆ ತಲೆ ಎತ್ತದೆ ಕೇಳಿದಳು. "ನಾನು ಗ್ರಹಣದಲ್ಲಿ ಹೊರಗೆ ಬಂದಿದ್ದೆ ಮೇಡಂ. ಅದರಿಂದ ಆಗಿದ್ದಾ?"

"ಇಲ್ಲಮ್ಮ."

"ಇಲ್ಲ ಅಂದ್ರೆ, ಒಸೀನೂ?"

"ಒಸೀನೂ ಇಲ್ಲ. ನೀನು ತಿಂದಿದ್ದರಿಂದ ಅಲ್ಲ, ಹೊರಗೆ ಬಂದಿದ್ದರಿಂದ ಅಲ್ಲ, ಯಾರ ಶಾಪದಿಂದಲೂ ಅಲ್ಲ. ಕೆಲವೇ ಕೆಲವು ಮಕ್ಕಳಿಗೆ ವಂಶದಿಂದ ಬರಬಹುದು, ಅದೂ ಯಾರ ತಪ್ಪೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ."

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟು ತಿಂಗಳು ಅವಳು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಅಪ್ಪ ಅವಳ ಕಡೆ ನೋಡಲಿಲ್ಲ. ಎದ್ದು ಹೋಗಿ ಅವಳ ನೀರಿನ ಬಾಟಲಿಯನ್ನು ನಲ್ಲಿಯಲ್ಲಿ ತುಂಬಿಸಿಕೊಂಡು ಬಂದು ಅವಳ ಪಕ್ಕದಲ್ಲಿ ಇಟ್ಟರು. ನಮ್ಮಪ್ಪ ಸೊಸೆಗೆ ನೀರು ತಂದುಕೊಟ್ಟಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ನನಗೂ ಒಂದು ಮಾತು ಕೇಳಬೇಕೆನಿಸಿತು. "ಮೇಡಂ, ಆ ಆರ್‌ಎನ್‌ಎ ಕಡಿಮೆ ಆಗಿರೋದು ರಕ್ತ ನೋಡಿದ್ರೆ ಗೊತ್ತಾಗಲ್ವಾ? ಗೆಡ್ಡೆ ಬೆಳೆಯೋ ಮೊದಲೇ?"

ಡಾಕ್ಟರು ನನ್ನ ಕಡೆ ತಿರುಗಿದರು. "ಅದನ್ನೇ ಎಲ್ಲರೂ ಹುಡುಕ್ತಾ ಇರೋದು. ಕೆಲವು ಪುಟಾಣಿ ಆರ್‌ಎನ್‌ಎ ರಕ್ತದಲ್ಲೂ ಸಿಗ್ತಾವೆ. ಅದನ್ನ ನೋಡಿ ಕಾಯಿಲೆ ಮೊದಲೇ ಹೇಳಬಹುದಾ, ವಾಪಸು ಬರತ್ತಾ ಅಂತ ತಿಳೀಬಹುದಾ, ನಿಲ್ಲಿ ಅನ್ನೋ ಆ ಆರ್‌ಎನ್‌ಎನೇ ಔಷಧಿಯಾಗಿ ಕೊಡಬಹುದಾ ಅಂತ ಸಂಶೋಧನೆ ನಡೀತಿದೆ. ಆದರೆ ಅಂಥ ಪರೀಕ್ಷೆ ಇನ್ನೂ ಆಸ್ಪತ್ರೆಗೆ ಬಂದಿಲ್ಲ. ಯಾರಾದರೂ ಇದೆ ಅಂತ ಹೇಳಿದರೆ ನಂಬಬೇಡಿ. ಅದು ಬರೋವರೆಗೆ ಸ್ನಾನ ಮಾಡಿಸೋ ಕೈಯೇ ಮೊದಲ ಪರೀಕ್ಷೆ. ಇವನಿಗೆ ಗೆಡ್ಡೆ ಇರೋದು ಯಾರಿಗೆ ಮೊದಲು ಗೊತ್ತಾಗಿದ್ದು?"

ಅತ್ತಿಗೆ ನನ್ನನ್ನು ತೋರಿಸಿದಳು. ನಾನು ನೆಲ ನೋಡಿದೆ.

ಅಪ್ಪನ ಕೊನೆಯ ಪ್ರಶ್ನೆ ಉಳಿದಿತ್ತು. "ಸರಿ. ಔಸ್ದಿನ ಒಂದೇ ಸಲಕ್ಕೆ ಕೊಟ್ಟು ಕಳಿಸ್ಬುಡಿ. ಇದ್ಯಾಕೆ ಒಂದಷ್ಟು ದಿನ ಕೊಡೋದು, ನಿಲ್ಸೋದು, ತಿರ್ಗಾ ಕೊಡೋದು?"

"ಒಂದೇ ಸಲ ಕೊಟ್ಟರೆ ಮಗು ತಡೆಯಲ್ಲ. ನಡುವೆ ಮೈ ಸುಧಾರಿಸ್ಕೋಬೇಕು. ಹಾಗಂತ ಬಿಟ್ಟುಬಿಟ್ಟರೆ, ಉಳಿದಿರೋ ಕೆಟ್ಟ ಕೋಶಗಳು ಸುಧಾರಿಸ್ಕೊತಾವೆ. ನಿಮ್ಮ ನಾಲೇಲಿ ದಿನಾ ನೀರು ಬಿಡ್ತಾರಾ?"

"ಇಲ್ಲ. ಕಟ್ಟು ನೀರು. ಒಂದಷ್ಟು ದಿನ ಬುಡ್ತಾರೆ, ಒಂದಷ್ಟು ದಿನ ನಿಲ್ಲಿಸ್ತಾರೆ."

"ಒಂದು ಕಟ್ಟು ತಪ್ಪಿದರೆ?"

"ಹೊಡೆ ಬಂದು ತೆನೆ ಕಟ್ಟೋ ಹೊತ್ನಲ್ಲಿ ತಪ್ಪಿದ್ರೆ ಮುಗೀತು. ನೋಡಾಕೆ ಪೈರು ಹಸ್ರಾಗೇ ಇರ್ತದೆ. ಕೊಯ್ದು ನೋಡಿದ್ರೆ ಕಾಳಿಲ್ಲ, ಬರೀ ಜೊಳ್..."

ಮಾತು ಅಲ್ಲೇ ನಿಂತಿತು. ಅಪ್ಪ ಬಾಗಿಲಾಚೆ ಬೆಂಚಿನ ಮೇಲಿದ್ದ ಅಪ್ಪುವಿನ ಬೋಳು ತಲೆಯನ್ನು ನೋಡಿದರು. ಡಾಕ್ಟರು ಹೇಳಬೇಕಾದ್ದನ್ನು ಅಪ್ಪನೇ ಹೇಳಿಕೊಂಡಿದ್ದರು.

"ಇಷ್ಟು ಬೇಗ ಗೊತ್ತಾಗಿ, ಔಷಧಿ ಪೂರ್ತಿ ಆದರೆ, ಈ ಗೆಡ್ಡೆ ಬಂದ ಹೆಚ್ಚಿನ ಮಕ್ಕಳು ಗುಣ ಆಗ್ತಾರೆ ಅಜ್ಜ," ಎಂದರು ಡಾಕ್ಟರು. "ಈಗ ಅವನ ರಕ್ತದಲ್ಲಿ ರೋಗ ತಡೆಯೋ ಕಣಗಳು ಕಡಿಮೆ ಇದ್ದಾವೆ. ಊರಲ್ಲಿ ಒಂದು ಜ್ವರ ಬಂದರೂ ಕಷ್ಟ. ಇನ್ನೊಂದಿಷ್ಟು ದಿನ ನಮ್ಮ ಹತ್ತಿರ ಇರಲಿ."

ಹೊರಗೆ ಬಂದೆವು. ಅತ್ತಿಗೆ ಕಟ್ಟಿದ್ದ ಬಟ್ಟೆಯ ಗಂಟು ಬೆಂಚಿನ ಮೇಲಿತ್ತು. ಅಪ್ಪು ಅದರ ಮೇಲೆ ಹತ್ತಿ ಕೂತು, ಚಪ್ಪಲಿ ಹಾಕಿಕೊಂಡು ಸಿದ್ಧನಾಗಿದ್ದ.

"ಹೋಗನಾ ತಾತ?"

ಅಪ್ಪ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅವನ ಚಪ್ಪಲಿಯನ್ನು ಮೆಲ್ಲಗೆ ಬಿಚ್ಚಿದರು, ಒಂದಾದ ಮೇಲೆ ಒಂದು.

"ಇವತ್ತು ಬ್ಯಾಡ ಕಣಪ್ಪ."

"ಯಾಕೆ? ನೀ ನನ್ನ ಕರ್ಕೊಂಡ್ ಹೋಗಾಕೆ ಬಂದಿದ್ದಲ್ವಾ?"

"ಬಂದಿದ್ದೆ ಕಣ್ ಮಗ. ನಿನ್ನ ನೋಡ್ದೆ, ಸಾಕು. ಇನ್ನ ಒಸಿ ಔಸ್ದಿ ಕುಡುದ್ಬುಟ್ಟು ಬಾ. ತಾತನೇ ಬತ್ತೀನಿ ಕರೆಯಾಕೆ."

ಅಪ್ಪು ಅತ್ತ. ತಾತ ಸುಳ್ಳ ಎಂದ. ಅಪ್ಪನ ಎದೆಗೆ ತನ್ನ ಪುಟ್ಟ ಮುಷ್ಟಿಯಿಂದ ಹೊಡೆದ. ಅಪ್ಪ ಹೊಡೆಸಿಕೊಂಡರು. ಶೋಯಬ್ ತನ್ನ ಲಾರಿಯನ್ನು ತಂದು ಅಪ್ಪುವಿನ ಮುಂದೆ ಇಟ್ಟ. ಅಪ್ಪು ಅದನ್ನು ದೂಕಿದ. ಶೋಯಬ್ ಮತ್ತೆ ತಂದಿಟ್ಟ. ನಾವು ಗೇಟಿನ ಹತ್ತಿರ ಬಂದಾಗಲೂ ಅಪ್ಪುವಿನ ಅಳು ಕೇಳುತ್ತಿತ್ತು. ಅಪ್ಪ ತಿರುಗಿ ನೋಡಲಿಲ್ಲ. ತಿರುಗಿದ್ದರೆ ಎತ್ತಿಕೊಂಡು ಬಂದುಬಿಡುತ್ತಿದ್ದರು.

ಬಸ್ಸಿನಲ್ಲಿ ಅಪ್ಪ ಪಕ್ಕದ ಸೀಟಿನ ಅಂಚಿನಲ್ಲಿ ಕೈ ಇಟ್ಟು, ಅಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ ಹಿಡಿದಿದ್ದರು.

ಊರಿನ ಬಸ್ ನಿಲ್ದಾಣದಲ್ಲಿ ಜನ ಕಾಯುತ್ತಿದ್ದರು. ಮಗು ಬರುತ್ತದೆ ಎಂಬ ಸುದ್ದಿ ಹಬ್ಬಿತ್ತು. ಅಣ್ಣ ಹಾಲಿನ ವ್ಯಾನು ತಂದು ನಿಲ್ಲಿಸಿದ್ದ. ದ್ಯಾವಯ್ಯ ದೊಡ್ಡಪ್ಪ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದಿದ್ದರು. ನಾನು ಇಳಿದೆ. ಅಪ್ಪ ಇಳಿದರು. ಬಸ್ಸು ಹೊರಟಿತು.

"ಮೊಗ ಎಲ್ಲಿ ಮಂಚ?"

ಅಪ್ಪ ಎಲ್ಲರ ಮುಖ ನೋಡಿದರು. ಅಣ್ಣನ ಮುಖವನ್ನು ಕೊನೆಗೆ ನೋಡಿದರು.

"ಬುಟ್ಟು ಬಂದೆ ಕಣ್ಲಾ. ಬರ್ಲಿ ಅಂತ್ಲೇ ಬುಟ್ಟು ಬಂದೆ."

ಅಪ್ಪು ಇನ್ನೂ ಊರಿಗೆ ಬಂದಿಲ್ಲ. ಔಷಧಿ ನಡೆಯುತ್ತಿದೆ. ಕಳೆದ ವಾರ ಫೋನಿನಲ್ಲಿ ತಲೆ ಬಗ್ಗಿಸಿ ಹೊಸ ಕೂದಲು ತೋರಿಸಿದ. ಭತ್ತದ ಒಟ್ಲಿನ ಎಳೆ ಸಸಿಯ ಹಾಗೆ ನುಣ್ಣಗೆ ಬಂದಿದೆ. ಅಪ್ಪ ಈಗ ಯಾರ ಮನೆಯಲ್ಲಿ ಮಗು ಊಟ ಬಿಟ್ಟಿದೆ ಎಂದು ಕೇಳಿದರೂ ಹೋಗಿ, ಮೊದಲು ಆಸ್ಪತ್ರೆ, ಆಮೇಲೆ ಮಿಕ್ಕಿದ್ದು ಎನ್ನುತ್ತಾರೆ. ದ್ಯಾವಯ್ಯ ದೊಡ್ಡಪ್ಪನೂ ಗಟ್ಟಿ ಹೊಟ್ಟೆಯ ಮಗುವನ್ನು ಯಾರಾದರೂ ತಂದರೆ ಕೈ ಹಿಂದೆ ಕಟ್ಟಿಕೊಂಡು, "ನಾ ಮುಟ್ಟಾಕಿಲ್ಲ, ಡಾಕ್ಟ್ರತ್ರ ಓಗ್ರಪ್ಪ," ಎಂದು ಕಳಿಸುತ್ತಾರೆ.

ಇದನ್ನು ಮಹಿಳಾ ಸಂಘದಲ್ಲಿ ಓದುತ್ತಿರುವ ಅಕ್ಕಂದಿರೇ, ಕೇಳುತ್ತಿರುವ ತಾಯಂದಿರೇ, ಇವತ್ತು ಸಂಜೆ ನಿಮ್ಮ ಮಗುವಿಗೆ ಸ್ನಾನ ಮಾಡಿಸುವಾಗ ಹೊಟ್ಟೆಯ ಎರಡೂ ಪಕ್ಕ ಮೆಲ್ಲಗೆ ಕೈಯಾಡಿಸಿ. ಒಂದು ಕಡೆ ಗಟ್ಟಿ ಎನಿಸಿದರೆ, ಮೈ ಸೊರಗಿ ಹೊಟ್ಟೆ ಮಾತ್ರ ದೊಡ್ಡದಾಗುತ್ತಿದ್ದರೆ, ಮೂತ್ರ ಕೆಂಪಗಿದ್ದರೆ, ನೋವಿಲ್ಲವಲ್ಲ ಎಂದು ಸುಮ್ಮನಿರಬೇಡಿ. ಈ ಗೆಡ್ಡೆ ಬಹಳ ಸಲ ನೋಯುವುದಿಲ್ಲ. ಒತ್ತಬೇಡಿ, ನೀವಬೇಡಿ, ಬರೆ ಹಾಕಿಸಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ಅಂದೇ ಆಸ್ಪತ್ರೆಗೆ ಹೋಗಿ. ಖರ್ಚಿನ ಭಯವಿದ್ದರೆ ನಿಮ್ಮ ರೇಷನ್ ಕಾರ್ಡಿಗೆ ಸರ್ಕಾರದ ಯಾವ ನೆರವು ಸಿಗುತ್ತದೆ ಎಂದು ಆಸ್ಪತ್ರೆಯಲ್ಲೇ ಕೇಳಿ. ತಾಯಿಯನ್ನು ಬೈಯಬೇಡಿ, ಅವಳು ಏನೂ ಮಾಡಿಲ್ಲ.

ಚಿಕಿತ್ಸೆ ನಡೆಯುತ್ತಿರುವ ಮಗು ಫೋನಿನಲ್ಲಿ ಕರೆದಾಗ ನಿಮ್ಮ ಕರುಳು ಹಿಂಡುತ್ತದೆ. ನಮ್ಮದೂ ಹಿಂಡುತ್ತಿದೆ. ಹೋಗಿ, ಅಪ್ಪಿಕೊಳ್ಳಿ, ಮುತ್ತು ಕೊಡಿ. ಕರೆದುಕೊಂಡು ಮಾತ್ರ ಬರಬೇಡಿ. ಡಾಕ್ಟರು ಸಾಕು ಎನ್ನುವವರೆಗೆ ಕಾಯಿರಿ. ಮಗು ಮನೆಗೆ ಬರಲಿ. ಉಳಿಯಲು ಬರಲಿ.